ನೆಲದ ಇಳಿತ, ನೀರಿನ ಇಳಿತ: ಉಪಗ್ರಹ ರೇಡಾರ್ ತಿಳಿಸುವುದೇನು?

ಮೆಕ್ಸಿಕೊ ನಗರದ ಹಿರಿಯ ರಾಜಬೀದಿಯಲ್ಲಿ ‘ಸ್ವಾತಂತ್ರ್ಯದ ದೇವದೂತ’ ಎಂಬ ಸ್ಮಾರಕಸ್ತಂಭವೊಂದಿದೆ. ಆ ದೇಶದ ಸ್ವಾತಂತ್ರ್ಯ ಸಮರದ ಶತಮಾನೋತ್ಸವದ ನೆನಪಿಗೆಂದು 1910ರಲ್ಲಿ ಅದನ್ನು ಉದ್ಘಾಟಿಸಲಾಯಿತು. ಸ್ತಂಭವು ನೆಲದಾಳಕ್ಕೆ ಇಳಿಸಿದ ಆಧಾರಕಂಬಗಳ ಮೇಲೆ ನಿಂತಿದೆ. ಅಂದು ಬೀದಿಯಿಂದ ಅದರ ಪೀಠಕ್ಕೆ ಏರಲು ಕೆಲವೇ ಮೆಟ್ಟಿಲುಗಳಿದ್ದವು. ಮುಂದಿನ ದಶಕಗಳಲ್ಲಿ ಅವುಗಳಿಗೆ 14 ಮೆಟ್ಟಿಲುಗಳನ್ನು ಹೊಸದಾಗಿ ಕೂಡಿಸಬೇಕಾಯಿತು. ಸ್ಮಾರಕವು ಮೇಲೇರಿದ್ದಲ್ಲ, ಅದರ ಸುತ್ತಲಿನ ನಗರವೇ ಕೆಳಗಿಳಿದಿತ್ತು.

ಅಲ್ಲಿನ ಜನರಿಗೆ ಈ ಸಂಗತಿ ಕಣ್ಣಿಗೆ ಕಂಡದ್ದು ಆ ಸ್ತಂಭ ಅಲುಗದೆ ನಿಂತಿದ್ದರಿಂದ. ಬಹುಪಾಲು ನಗರಗಳಲ್ಲಿ ಇಂತಹ ಸಾಕ್ಷಿಯಿರುವುದಿಲ್ಲ. ಮನೆ, ಬೀದಿ, ಗುಡಿ, ಚರಂಡಿ ಎಲ್ಲವೂ ಒಟ್ಟಿಗೆ ಇಳಿಯುವಾಗ ಯಾವುದಕ್ಕೆ ಹೋಲಿಸಿ ಇಳಿತವನ್ನು ಅರಿಯುವುದು? ವರ್ಷಕ್ಕೆ ಎರಡು ಬೆರಳಿನಷ್ಟು ತಗ್ಗುವ ಬಡಾವಣೆಯ ನಿವಾಸಿಗೆ ಗೋಡೆಯಲ್ಲಿ ಬಿರುಕು ಮೂಡುವವರೆಗೆ ಏನೂ ತಿಳಿಯದು. ಈ ಹೋಲಿಕೆಯ ನೆಲೆಯನ್ನು ಕಳೆದ ಮೂರು ದಶಕಗಳಲ್ಲಿ ಒದಗಿಸಿಕೊಟ್ಟಿರುವುದು ಭೂಮಿಯನ್ನು ಸುತ್ತುವ ರೇಡಾರ್ ಉಪಗ್ರಹಗಳು. ಅವು ನೆಲದ ಚಲನೆಯನ್ನು ಅಳೆಯುವ ಬಗೆ ಯಾವುದು, ಆ ಅಳತೆಯಿಂದ ನೆಲದಡಿಯ ನೀರಿನ ಸ್ಥಿತಿಯನ್ನು ಹೇಗೆ ಊಹಿಸಲಾಗುತ್ತದೆ, ಯಾವ ನೆಲದಲ್ಲಿ ಆ ಊಹೆ ನಿಲ್ಲುವುದಿಲ್ಲ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಪದದ ವಿಚಾರ

ವಿಷಯಕ್ಕೆ ಹೋಗುವ ಮೊದಲು ಒಂದು ಪದವನ್ನು ನಿಷ್ಕರ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಕನ್ನಡ ಪತ್ರಿಕೆಗಳು ‘ಭೂಕುಸಿತ’ ಎಂದು ಬರೆದಾಗ ಓದುಗರ ಮನಸ್ಸಿಗೆ ಬರುವುದು ಮಳೆಗಾಲದಲ್ಲಿ ಜಾರಿಬೀಳುವ ಗುಡ್ಡ. ‘ಅಂತರ್ಜಲ ಕುಸಿತ’ ಎಂದಾಗ ಬರುವುದು ಬಾವಿಯ ನೀರಿನ ಮಟ್ಟ ತಗ್ಗಿದ ಚಿತ್ರ. ಇಲ್ಲಿ ಚರ್ಚಿಸುತ್ತಿರುವುದು ಇವೆರಡೂ ಅಲ್ಲ. ಸದ್ದಿಲ್ಲದೆ, ಜಾರದೆ, ಒಡೆಯದೆ, ಹಲವು ಚದರ ಕಿಲೋಮೀಟರಿನ ನೆಲ ಏಕವಾಗಿ ವರ್ಷಾನುವರ್ಷ ತಗ್ಗುವ ಕ್ರಿಯೆ ಇದು. ಇದನ್ನು ‘ನೆಲದ ಇಳಿತ’ ಎಂದು ಕರೆಯುವುದು ಸೂಕ್ತ. ‘ಏರಿಳಿತ’ ಎಂಬ ಜೋಡುನುಡಿ ಭಾಷೆಯಲ್ಲಿ ಮೊದಲೇ ಇದೆ. ನೆಲವೂ ಕೆಲವೊಮ್ಮೆ ಇಳಿದು ಮತ್ತೆ ಏರುತ್ತದೆಯಾದ್ದರಿಂದ ಆ ನುಡಿ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ.

ನೀರು ಹೋದರೆ ನೆಲವೇಕೆ ಇಳಿಯುತ್ತದೆ?

ಮಣ್ಣು ಇಡಿಯಾದ ವಸ್ತುವಲ್ಲ. ಅದು ಕಣಗಳ ರಾಶಿ. ಕಣಗಳ ನಡುವೆ ರಂಧ್ರಗಳಿವೆ. ಅಂತರ್ಜಲದ ಮಟ್ಟದಿಂದ ಕೆಳಗೆ ಆ ರಂಧ್ರಗಳಲ್ಲಿ ನೀರು ತುಂಬಿರುತ್ತದೆ. ಮೇಲಿನ ಮಣ್ಣು ಮತ್ತು ಕಟ್ಟಡಗಳ ಭಾರವನ್ನು ಈ ಎರಡೂ ಹೊರುತ್ತವೆ: ಒಂದು ಪಾಲನ್ನು ಕಣಗಳು ಒಂದಕ್ಕೊಂದು ಒತ್ತಿಕೊಂಡು ಹೊತ್ತರೆ, ಇನ್ನೊಂದು ಪಾಲನ್ನು ರಂಧ್ರಗಳಲ್ಲಿರುವ ನೀರು ತನ್ನ ಒತ್ತಡದಿಂದ ಹೊರುತ್ತದೆ. ಪಲ್ಲಕ್ಕಿ ಹೊತ್ತವರಲ್ಲಿ ಒಬ್ಬ ಹೆಗಲು ತೆಗೆದರೆ ಉಳಿದವರ ಮೇಲೆ ಹೊರೆ ಹೆಚ್ಚುವಂತೆ, ಕೊಳವೆಬಾವಿಗಳು ನೀರನ್ನು ಮೇಲೆತ್ತಿದಾಗ ನೀರಿನ ಒತ್ತಡ ತಗ್ಗಿ ಕಣಗಳ ಮೇಲಿನ ಹೊರೆ ಏರುತ್ತದೆ. ಕಣಗಳು ಹತ್ತಿರ ಸರಿಯುತ್ತವೆ, ಪದರ ತೆಳುವಾಗುತ್ತದೆ, ಮೇಲಿನ ನೆಲ ಇಳಿಯುತ್ತದೆ. ಈ ತತ್ತ್ವವನ್ನು ಶಾಸ್ತ್ರೀಯವಾಗಿ ನಿರೂಪಿಸಿದವನು ಮಣ್ಣಿನ ಯಂತ್ರಶಾಸ್ತ್ರದ ಪ್ರವರ್ತಕನಾದ ಕಾರ್ಲ್ ಟೆರ್ಜಾಗಿ. ಅವನ ಮುಖ್ಯ ಗ್ರಂಥ ಪ್ರಕಟವಾದದ್ದು 1925ರಲ್ಲಿ.

ಎಲ್ಲ ಮಣ್ಣೂ ಒಂದೇ ರೀತಿ ವರ್ತಿಸುವುದಿಲ್ಲ. ಮರಳಿನ ಕಣಗಳು ಸೇರಿನಲ್ಲಿ ತುಂಬಿದ ರಾಗಿಯಂತೆ. ಒತ್ತಿದರೂ ಅವು ತಗ್ಗುವುದು ಅತ್ಯಲ್ಪ, ಹೊರೆ ಇಳಿದರೆ ಬಹುಮಟ್ಟಿಗೆ ಹಿಂದಿನ ಸ್ಥಿತಿಗೆ ಬರುತ್ತವೆ. ಜೇಡಿಮಣ್ಣಿನ ಕಣಗಳು ಚಪ್ಪಟೆಯಾದ ಹಾಳೆಗಳು. ಅವು ಒಣಗಿದ ಎಲೆಗಳ ರಾಶಿಯಂತೆ ಅಡ್ಡಾದಿಡ್ಡಿಯಾಗಿ ಬಿದ್ದು, ನಡುವೆ ಬಹಳಷ್ಟು ಜಾಗವನ್ನು ಬಿಟ್ಟಿರುತ್ತವೆ. ಅಂತಹ ರಾಶಿಯನ್ನು ಒಮ್ಮೆ ತುಳಿದು ಅಡಕಿದರೆ ಕಾಲು ತೆಗೆದ ಮಾತ್ರಕ್ಕೆ ಅದು ಮತ್ತೆ ಉಬ್ಬುವುದಿಲ್ಲ. ಜೇಡಿಪದರವೂ ಹಾಗೆಯೇ. ಅದರಿಂದ ನೀರು ಹೊರಬರುವುದು ನಿಧಾನ. ಆದುದರಿಂದ ಪಂಪು ನಿಲ್ಲಿಸಿದ ಮೇಲೂ ಹಲವು ವರ್ಷ ಇಳಿತ ಮುಂದುವರಿಯಬಹುದು. ಹೊರಬಂದ ನೀರಿನ ಜಾಗ ಮುಚ್ಚಿಹೋದರೆ, ಮುಂದೆ ಎಷ್ಟು ಮಳೆ ಸುರಿದರೂ ಆ ನೀರಿಗೆ ಅಲ್ಲಿ ಮತ್ತೆ ನೆಲೆಯಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜೇಡಿಪದರವು ಹಿಂದೆಂದೋ ಹೊತ್ತ ಅತಿ ದೊಡ್ಡ ಹೊರೆಯನ್ನು ನೆನಪಿಟ್ಟುಕೊಂಡಂತೆ ವರ್ತಿಸುತ್ತದೆ. ನೀರಿನ ಮಟ್ಟವು ಈ ಹಿಂದಿನ ಕನಿಷ್ಠ ಮಟ್ಟಕ್ಕಿಂತ ಮೇಲೆಯೇ ಏರಿಳಿಯುತ್ತಿದ್ದರೆ ನೆಲವೂ ಋತುಮಾನಕ್ಕೆ ತಕ್ಕಂತೆ ಅಲ್ಪವಾಗಿ ಇಳಿದು ಏರುತ್ತದೆ, ಹಾನಿಯಿಲ್ಲ. ಆ ಮಟ್ಟವನ್ನು ದಾಟಿ ಕೆಳಗೆ ಹೋದಾಗ ಮರಳಿ ಬಾರದ ಇಳಿತ ಮೊದಲಾಗುತ್ತದೆ. ಒಂದು ನಗರ ಈ ಎರಡರಲ್ಲಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ತಿಳಿಯಲು ನೆಲದ ಚಲನೆಯನ್ನು ವರ್ಷಗಟ್ಟಲೆ, ಮಿಲಿಮೀಟರಿನ ನಿಖರತೆಯಲ್ಲಿ ಅಳೆಯಬೇಕಾಗುತ್ತದೆ.

ರೇಡಾರ್ ಅಳೆಯುವ ಬಗೆ

ಯುರೋಪಿನ ಸೆಂಟಿನೆಲ್-1 ಉಪಗ್ರಹಗಳನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇವುಗಳಲ್ಲಿ ಮೊದಲನೆಯದು 2014ರ ಏಪ್ರಿಲ್‌ನಲ್ಲಿ ಉಡಾವಣೆಯಾಯಿತು. ಸುಮಾರು 693 ಕಿ.ಮೀ. ಎತ್ತರದಲ್ಲಿ ಸಾಗುತ್ತ, ಓರೆಯಾಗಿ ನೆಲದ ಕಡೆಗೆ ಮೈಕ್ರೋವೇವ್ ಅಲೆಗಳನ್ನು ಬಿಟ್ಟು, ಮರಳಿ ಬಂದ ಅಲೆಗಳನ್ನು ದಾಖಲಿಸುವುದು ಇದರ ಕೆಲಸ. ಈ ಅಲೆಗಳಿಗೆ ಸೂರ್ಯನ ಬೆಳಕು ಬೇಡ, ಮೋಡವೂ ಅಡ್ಡಿಯಾಗದು. ಉಪಗ್ರಹವು ಸಾಗುವ ಹಾದಿಯಲ್ಲಿ ಒಂದೇ ತಾಣದಿಂದ ಬಂದ ಅನೇಕ ಮರುದನಿಗಳನ್ನು ಗಣಿತದಿಂದ ಕೂಡಿಸಿದಾಗ, ಕಿಲೋಮೀಟರುಗಟ್ಟಲೆ ಉದ್ದದ ಆಂಟೆನಾವೊಂದು ಆಕಾಶದಲ್ಲಿದ್ದರೆ ಸಿಗುತ್ತಿದ್ದಷ್ಟು ಸ್ಪಷ್ಟ ಚಿತ್ರ ದೊರೆಯುತ್ತದೆ. 12 ದಿನಗಳಿಗೊಮ್ಮೆ ಉಪಗ್ರಹವು ಹೆಚ್ಚುಕಡಿಮೆ ಅದೇ ಹಾದಿಗೆ ಮರಳುತ್ತದೆ.

ನೆಲದ ಇಳಿತವನ್ನು ಅರಿಯುವ ಕೀಲಿ ಇರುವುದು ಅಲೆಯ ‘ಪ್ರಾವಸ್ಥೆ’ಯಲ್ಲಿ. ಅಲೆಯು ತನ್ನ ಏರಿಳಿತದ ಆವರ್ತದಲ್ಲಿ ಯಾವ ಬಿಂದುವಿನಲ್ಲಿದೆ ಎಂಬುದೇ ಪ್ರಾವಸ್ಥೆ. ಇದನ್ನು ಗಡಿಯಾರದ ನಿಮಿಷದ ಮುಳ್ಳಿಗೆ ಹೋಲಿಸಬಹುದು. ಗಂಟೆಯ ಮುಳ್ಳನ್ನು ಕಿತ್ತುಹಾಕಿದ ಗಡಿಯಾರದಲ್ಲಿ ಈಗ ಎಷ್ಟು ಗಂಟೆ ಎಂದು ತಿಳಿಯದು. ಆದರೆ ಎರಡು ಸಲ ನೋಡಿದ ನಡುವೆ ನಿಮಿಷದ ಮುಳ್ಳು ಎಷ್ಟು ಸರಿದಿದೆ ಎಂಬುದು ಚೆನ್ನಾಗಿ ತಿಳಿಯುತ್ತದೆ. ಹಾಗೆಯೇ ಮರಳಿ ಬಂದ ಅಲೆಯ ಪ್ರಾವಸ್ಥೆಯೊಂದರಿಂದಲೇ ನೆಲಕ್ಕಿರುವ ಪೂರ್ಣ ದೂರ ತಿಳಿಯುವುದಿಲ್ಲ. ಒಂದೇ ತಾಣದ ಎರಡು ದಿನಗಳ ಪ್ರಾವಸ್ಥೆಗಳನ್ನು ಒಂದರಿಂದೊಂದು ಕಳೆದರೆ ಆ ನಡುವೆ ದೂರದಲ್ಲಾದ ಬದಲಾವಣೆ ದೊರೆಯುತ್ತದೆ. ಸೆಂಟಿನೆಲ್-1ರ ಅಲೆಯ ತರಂಗಾಂತರ ಸುಮಾರು 5.6 ಸೆಂ.ಮೀ. ಅಲೆಯು ಹೋಗಿ ಬರುವುದರಿಂದ, ನೆಲವು ಉಪಗ್ರಹದಿಂದ 2.8 ಸೆಂ.ಮೀ. ದೂರ ಸರಿದರೆ ಪ್ರಾವಸ್ಥೆಯು ಒಂದು ಪೂರ್ಣ ಸುತ್ತು ತಿರುಗಿರುತ್ತದೆ. ಇದನ್ನು ಬಣ್ಣಗಳಲ್ಲಿ ತೋರಿಸಿದಾಗ ನಕ್ಷೆಯ ಮೇಲೆ ಕಾಮನಬಿಲ್ಲಿನ ಉಂಗುರಗಳಂತಹ ಪಟ್ಟೆಗಳು ಮೂಡುತ್ತವೆ. ಒಂದೊಂದು ಉಂಗುರವೂ 2.8 ಸೆಂ.ಮೀ. ಚಲನೆಯ ಗುರುತು. ಎರಡು ಅಲೆಗಳನ್ನು ಹೀಗೆ ಕೂಡಿಸಿ ನೋಡುವ ಕ್ರಿಯೆಗೆ ಭೌತಶಾಸ್ತ್ರದ ಕನ್ನಡದಲ್ಲಿ ‘ವ್ಯತಿಕರಣ’ ಎಂಬ ಪದವಿದೆ.

ಈ ವಿಧಾನದ ಶಕ್ತಿಯನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟದ್ದು ಭೂಕಂಪದ ಅಧ್ಯಯನ. 1992ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್‌ನಲ್ಲಿ ಸಂಭವಿಸಿದ ಭೂಕಂಪದಿಂದ ನೆಲ ಸರಿದ ಬಗೆಯನ್ನು ಫ್ರಾನ್ಸಿನ ವಿಜ್ಞಾನಿಗಳು ಯುರೋಪಿನ ಇಆರ್‌ಎಸ್-1 ಉಪಗ್ರಹದ ದತ್ತಾಂಶದಿಂದ ಚಿತ್ರಿಸಿ 1993ರಲ್ಲಿ ಪ್ರಕಟಿಸಿದರು. ಭೂಕಂಪಕ್ಕೆ ಬಳಸಿದ ವಿದ್ಯೆಯನ್ನು ನೀರಿನಿಂದಾಗುವ ನಿಧಾನಗತಿಯ ಚಲನೆಗೂ ಅನ್ವಯಿಸುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ.

ನಗರವೇ ಏಕೆ ಅನುಕೂಲ?

ಹೊಲದಲ್ಲಿ ಬೆಳೆ ಬೆಳೆಯುತ್ತದೆ, ಎಲೆ ಅಲುಗುತ್ತದೆ, ಉಳುಮೆಯಾಗುತ್ತದೆ. ಎರಡು ಸಲ ಬಂದ ಅಲೆಗಳು ಒಂದೇ ವಸ್ತುವಿಗೆ ತಾಗಿ ಬಂದವೆಂದು ಹೇಳುವುದು ಅಲ್ಲಿ ಕಷ್ಟ. ನಗರದಲ್ಲಿ ತಾರಸಿಯ ಅಂಚು, ಕಬ್ಬಿಣದ ಕಂಬ, ಸೇತುವೆಯ ಕಟಕಟೆ, ಕಾಂಕ್ರೀಟಿನ ಮೂಲೆಗಳು ವರ್ಷಗಟ್ಟಲೆ ಒಂದೇ ಸ್ಥಿತಿಯಲ್ಲಿದ್ದು ಅಲೆಯನ್ನು ಬಲವಾಗಿ ಮರಳಿಸುತ್ತವೆ. ಇಂತಹ ಸ್ಥಿರವಾದ ಬಿಂದುಗಳನ್ನೇ ಆರಿಸಿಕೊಂಡು, ಹತ್ತಾರು ಚಿತ್ರಗಳಲ್ಲಿ ಅವುಗಳ ಚಲನೆಯನ್ನು ಬೆನ್ನುಹತ್ತುವ ವಿಧಾನವನ್ನು ಇಟಲಿಯ ಮಿಲಾನ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2000ದ ಆಸುಪಾಸಿನಲ್ಲಿ ರೂಪಿಸಿದರು. ಇದರಿಂದ ವರ್ಷಕ್ಕೆ ಕೆಲವೇ ಮಿಲಿಮೀಟರಿನ ಇಳಿತವನ್ನೂ ಗುರುತಿಸುವುದು ಸಾಧ್ಯವಾಯಿತು. ಸರ್ವೇ ಇಲಾಖೆಯವರು ಮಟ್ಟದ ಕಲ್ಲುಗಳನ್ನು ನೆಟ್ಟು ವರ್ಷಗಳಿಗೊಮ್ಮೆ ಅಳೆಯುತ್ತಿದ್ದ ಕಡೆ, ಈಗ ಒಂದು ನಗರದಲ್ಲಿ ಲಕ್ಷಾಂತರ ಬಿಂದುಗಳು ತಾವಾಗಿಯೇ ಮಟ್ಟದ ಕಲ್ಲುಗಳಾಗಿ ನಿಂತಿವೆ.

ಆದರೂ ಈ ಅಳತೆಯನ್ನು ಎಚ್ಚರದಿಂದ ಓದಬೇಕು. ರೇಡಾರ್ ಮೋಡವನ್ನು ದಾಟುತ್ತದೆಂಬುದು ನಿಜ. ಆದರೆ ಗಾಳಿಯಲ್ಲಿರುವ ತೇವಾಂಶವು ಅಲೆಯನ್ನು ತುಸು ತಡಮಾಡಿ, ನೆಲ ಸರಿದಂತೆ ತೋರಿಸಬಲ್ಲದು. ಅನೇಕ ದಿನಗಳ ಚಿತ್ರಗಳನ್ನು ಜೋಡಿಸಿ ಈ ದೋಷವನ್ನು ಸೋಸಬೇಕಾಗುತ್ತದೆ. ರೇಡಾರ್ ಓರೆಯಾಗಿ ನೋಡುವುದರಿಂದ ಅದು ಅಳೆಯುವುದು ಲಂಬವಾದ ಇಳಿತವನ್ನಲ್ಲ, ತನ್ನ ದೃಷ್ಟಿರೇಖೆಯಲ್ಲಾದ ದೂರದ ವ್ಯತ್ಯಾಸವನ್ನು. ಅಲ್ಲದೆ ಎಲ್ಲ ಅಳತೆಯೂ ಸಾಪೇಕ್ಷ: ಅಲುಗದೆಂದು ನಂಬಿದ ಒಂದು ತಾಣಕ್ಕೆ ಹೋಲಿಸಿ ಉಳಿದವುಗಳ ಚಲನೆಯನ್ನು ಹೇಳಲಾಗುತ್ತದೆ. ಆ ತಾಣವೇ ಇಳಿಯುತ್ತಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಆದುದರಿಂದ ನೆಲದ ಮೇಲೆ ನಿಲ್ಲಿಸಿದ ಜಿಪಿಎಸ್ ಕೇಂದ್ರಗಳ ಆಸರೆ ಬೇಕು. ಆಳವಾದ ಆಧಾರಕಂಬಗಳ ಮೇಲೆ ನಿಂತ ಕಟ್ಟಡವು ಸುತ್ತಲ ನೆಲ ಇಳಿದರೂ ತಾನು ಇಳಿಯದಿರಬಹುದು. ಮೆಕ್ಸಿಕೊದ ಸ್ಮಾರಕದ ಮೆಟ್ಟಿಲುಗಳನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ.

ಕೆರೆಯ ಮೇಲಿನ ರಾಜಧಾನಿ

ಆ ನಗರದ ಕಥೆಗೆ ಮರಳಬಹುದು. ಸಂಪ್ರದಾಯದ ಪ್ರಕಾರ 1325ರಲ್ಲಿ ಮೆಶೀಕಾ ಜನರು ಟೆಸ್ಕೊಕೊ ಸರೋವರದ ನಡುಗಡ್ಡೆಯೊಂದರಲ್ಲಿ ಟೆನೊಚ್ಟಿಟ್ಲಾನ್ ಎಂಬ ಪಟ್ಟಣವನ್ನು ಕಟ್ಟಿದರು. 1521ರಲ್ಲಿ ಸ್ಪೇನಿನವರು ಅದನ್ನು ಗೆದ್ದುಕೊಂಡು, ಅದರ ಅವಶೇಷಗಳ ಮೇಲೆ ತಮ್ಮ ರಾಜಧಾನಿಯನ್ನು ಎತ್ತಿದರು. ನೆರೆಯ ಕಾಟದಿಂದ ಪಾರಾಗಲು ಶತಮಾನಗಳ ಕಾಲ ಸರೋವರದ ನೀರನ್ನು ಹೊರಹರಿಸಲಾಯಿತು. ನೀರು ಹೋಯಿತು, ತಳದ ಜೇಡಿ ಉಳಿಯಿತು. ಅದು ಸಾಮಾನ್ಯ ಜೇಡಿಯಲ್ಲ. ಅದರ ಗಾತ್ರದ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ನೀರೇ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಆ ಪದರದ ಕೆಳಗಿನ ನೀರನ್ನು ಆಳವಾದ ಬಾವಿಗಳ ಮೂಲಕ ಎತ್ತುವುದು ಮೊದಲಾಯಿತು.

ನಗರ ಇಳಿಯುತ್ತಿದೆಯೆಂದು ಎಂಜಿನಿಯರ್ ರೊಬೆರ್ತೊ ಗಯೋಲ್ 1925ರಲ್ಲಿ ಸಾರಿದ. ಟೆರ್ಜಾಗಿಯ ಗ್ರಂಥ ಹೊರಬಂದ ವರ್ಷವೂ ಅದೇ. ಇಳಿತಕ್ಕೆ ಅಂತರ್ಜಲವನ್ನು ಎತ್ತುವುದೇ ಕಾರಣವೆಂದು ಆ ಶಾಸ್ತ್ರದ ನೆರವಿನಿಂದ 1947ರಲ್ಲಿ ತೋರಿಸಿದವನು ನಾಬೋರ್ ಕಾರಿಲ್ಯೊ. ಕೇಂದ್ರಭಾಗದ ಬಾವಿಗಳನ್ನು ಐವತ್ತರ ದಶಕದಲ್ಲಿ ನಿರ್ಬಂಧಿಸಿದಾಗ ಅಲ್ಲಿನ ಇಳಿತದ ವೇಗ ತಗ್ಗಿತು. ಆದರೆ ಬಾವಿಗಳು ಹೊರವಲಯಕ್ಕೆ ಸರಿದವು. ಅವುಗಳೊಡನೆ ಇಳಿತವೂ ಸರಿಯಿತು. 1900ರಲ್ಲಿ ಉದ್ಘಾಟನೆಯಾದ ಹಿರಿಯ ಚರಂಡಿ ಕಾಲುವೆಯು ನೆಲದ ಇಳಿಜಾರಿನಿಂದಲೇ ಹರಿಯುವಂತೆ ತೋಡಿದ್ದು. ನಗರವು ಕಾಲುವೆಗಿಂತ ತಗ್ಗಾದ ಮೇಲೆ ಕೊಳಚೆ ನೀರನ್ನು ಪಂಪುಗಳಿಂದ ಎತ್ತಿ ಹೊರಹಾಕಬೇಕಾಯಿತು. ಕುಡಿಯುವ ನೀರನ್ನು ನೆಲದಿಂದ ಎತ್ತಿದ ತಪ್ಪಿಗೆ ಬಳಸಿದ ನೀರನ್ನೂ ಎತ್ತುವ ದಂಡ.

ಬಿಡಿಬಿಡಿಯಾಗಿ ತಿಳಿದಿದ್ದ ಈ ಸಂಗತಿಗಳನ್ನು ಇಡಿಯ ಕಣಿವೆಯ ಒಂದೇ ನಕ್ಷೆಯಲ್ಲಿ ಕಾಣಿಸಿದ್ದು ರೇಡಾರ್. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು 115 ವರ್ಷಗಳ ಮಟ್ಟದ ಅಳತೆಗಳನ್ನು ಉಪಗ್ರಹದ ಅಳತೆಗಳೊಂದಿಗೆ ಹೊಂದಿಸಿ ನೋಡಿತು. ಕೆಲವು ಭಾಗಗಳಲ್ಲಿ ಇಳಿತದ ವೇಗ ವರ್ಷಕ್ಕೆ 50 ಸೆಂ.ಮೀ.ವರೆಗೂ ಇದೆಯೆಂದೂ, ಜೇಡಿಪದರವು ಈಗಾಗಲೇ ಶೇಕಡ 17ರಷ್ಟು ಅಡಕವಾಗಿದ್ದು ಕೊನೆಗೆ ಶೇಕಡ 30ರವರೆಗೆ ಅಡಕವಾಗುವುದೆಂದೂ, ಈ ಇಳಿತ ಬಹುಪಾಲು ಮರಳಿ ಬಾರದ್ದೆಂದೂ ಅದು ತೀರ್ಮಾನಿಸಿತು. ಹೆಚ್ಚು ಇಳಿಯುವ ಜೇಡಿಯೂ ಇಳಿಯದ ಬಂಡೆಯೂ ಸೇರುವ ಅಂಚಿನಲ್ಲಿ ನೆಲ ಬಿರುಕು ಬಿಡುತ್ತದೆ. ಆ ಬಿರುಕುಗಳ ಮೂಲಕ ಮೇಲಿನ ಕೊಳಕು ನೀರು ಉಳಿದಿರುವ ಅಂತರ್ಜಲವನ್ನು ಸೇರುವ ಅಪಾಯವಿದೆ.

ದೆಹಲಿ: ಇಳಿತವೂ ಏರಿಕೆಯೂ

ಭಾರತದ ರಾಜಧಾನಿ ಸರೋವರದ ಮೇಲೆ ಕಟ್ಟಿದ್ದಲ್ಲ. ಆದರೆ ಅದರ ಬಹುಭಾಗ ಯಮುನೆ ತಂದು ಹಾಸಿದ ಮೆಕ್ಕಲುಮಣ್ಣಿನ ಮೇಲಿದೆ. 2014ರಿಂದ ಸೆಂಟಿನೆಲ್-1 ದಾಖಲಿಸಿದ ಚಿತ್ರಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನವು ನಗರದ ನೈಋತ್ಯದ ಕಾಪಸಹೇಡಾ ಪ್ರದೇಶದತ್ತ ಬೊಟ್ಟು ಮಾಡಿತು. 2014–16ರಲ್ಲಿ ಅಲ್ಲಿನ ಇಳಿತ ವರ್ಷಕ್ಕೆ ಸುಮಾರು 11 ಸೆಂ.ಮೀ. ಇದ್ದದ್ದು 2018–19ರ ವೇಳೆಗೆ 17 ಸೆಂ.ಮೀ.ಗೂ ಮೀರಿತ್ತು. ಈ ಪ್ರದೇಶವು ಇಂದಿರಾ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಒಂದು ಕಿಲೋಮೀಟರಿಗಿಂತ ಹತ್ತಿರದಲ್ಲಿದೆಯೆಂಬುದು ಆತಂಕಕ್ಕೆ ಇನ್ನೊಂದು ಕಾರಣ. ನಲ್ಲಿಯ ನೀರು ಸಾಲದ ಕಡೆ ಜನರು ನೆಲದ ನೀರನ್ನೇ ನೆಚ್ಚಿಕೊಂಡದ್ದು ಈ ಇಳಿತದ ಹಿಂದಿನ ಕಥೆ.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಕಡಿಮೆ ಪ್ರಚಾರ ಪಡೆಯಿತು. ಆದರೆ ಮಹತ್ವದಲ್ಲಿ ಕಡಿಮೆಯೇನಲ್ಲ. ಅಲ್ಲಿಂದ ದೂರವೇನೂ ಇಲ್ಲದ ದ್ವಾರಕಾ ಬಡಾವಣೆಯಲ್ಲಿ ನೆಲವು ಮೊದಲು ಇಳಿಯುತ್ತಿದ್ದು, ಅನಂತರ ಅಲ್ಪಸ್ವಲ್ಪವಾಗಿ ಏರತೊಡಗಿತ್ತು. ಮಳೆನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸಿದ್ದು, ಹಳೆಯ ಕೆರೆಕುಂಟೆಗಳನ್ನು ಪುನರುಜ್ಜೀವನಗೊಳಿಸಿದ್ದು ಮುಂತಾದ ಕ್ರಮಗಳಿಂದ ನೀರಿನ ಮಟ್ಟ ಚೇತರಿಸಿಕೊಂಡದ್ದೇ ಇದಕ್ಕೆ ಕಾರಣವೆಂದು ಸಂಶೋಧಕರು ವಿವರಿಸಿದರು. ಮೆಕ್ಸಿಕೊದ ಜೇಡಿ ದಾಟಿಬಿಟ್ಟಿದ್ದ ಎಲ್ಲೆಯನ್ನು ದ್ವಾರಕೆಯ ಮಣ್ಣು ಪೂರ್ತಿ ದಾಟಿರಲಿಲ್ಲ. ಅಮೆರಿಕದ ಸಾಂತಾ ಕ್ಲಾರಾ ಕಣಿವೆಯ ಅನುಭವವೂ ಇದನ್ನೇ ಹೇಳುತ್ತದೆ. ಸುಮಾರು ನಾಲ್ಕು ಮೀಟರ್ ಇಳಿದಿದ್ದ ಸ್ಯಾನ್ ಹೋಸೆ ನಗರದಲ್ಲಿ, ಹೊರಗಿನಿಂದ ನೀರು ತಂದು ಅಂತರ್ಜಲದ ಬಳಕೆಯನ್ನು ಹತೋಟಿಗೆ ತಂದ ಮೇಲೆ 1969ರ ಹೊತ್ತಿಗೆ ಇಳಿತ ನಿಂತಿತು. ಕಳೆದುಕೊಂಡ ನಾಲ್ಕು ಮೀಟರ್ ಮರಳಿ ಬರಲಿಲ್ಲ. ಆದರೆ ಈಗ ಅಲ್ಲಿನ ನೆಲ ಬೇಸಿಗೆಯಲ್ಲಿ ಅಷ್ಟಿಷ್ಟು ಇಳಿದು ಮಳೆಗಾಲದ ಬಳಿಕ ಏರುವುದನ್ನು ರೇಡಾರ್ ದಾಖಲಿಸುತ್ತಿದೆ.

ಎಲ್ಲ ಇಳಿತಕ್ಕೂ ನೀರೇ ಕಾರಣವಲ್ಲ

ಮೇಲಿನ ನಿದರ್ಶನಗಳನ್ನು ಓದಿದವರು ರೇಡಾರ್ ನೆಲದಡಿಯ ನೀರನ್ನೇ ಕಾಣುತ್ತದೆಯೆಂದು ಭಾವಿಸಬಾರದು. ಅದು ಕಾಣುವುದು ನೆಲದ ಮೇಲ್ಮೈಯನ್ನು ಮಾತ್ರ. ಇಳಿತದಿಂದ ನೀರಿಗೆ ಹೋಗುವುದು ಒಂದು ಅನುಮಾನ; ತರ್ಕಶಾಸ್ತ್ರದವರು ಹೊಗೆಯಿಂದ ಬೆಂಕಿಯನ್ನು ಊಹಿಸುವಂತಹದು. ಹೊಗೆಗೆ ಬೇರೆ ಕಾರಣವಿದ್ದರೆ ಅನುಮಾನ ತಪ್ಪುತ್ತದೆ. ಹೊಸದಾಗಿ ಮುಚ್ಚಿದ ಕೆರೆಯ ಮೇಲಿನ ಬಡಾವಣೆ ತನ್ನ ಭಾರದಿಂದಲೇ ಇಳಿಯಬಹುದು. ಸುರಂಗ ತೋಡಿದ ಕಡೆ, ಗಣಿಯ ಮೇಲೆ ನೆಲ ತಗ್ಗಬಹುದು. ಉತ್ತರಾಖಂಡದ ಜೋಶಿಮಠದಲ್ಲಿ 2022ರ ಡಿಸೆಂಬರ್ 27ರಿಂದ 2023ರ ಜನವರಿ 8ರ ನಡುವೆ ಸುಮಾರು 5.4 ಸೆಂ.ಮೀ. ಇಳಿತವಾಗಿದೆಯೆಂದು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹ ಚಿತ್ರಗಳಿಂದ ಗುರುತಿಸಿತ್ತು. ಆ ಪಟ್ಟಣವು ಹಳೆಯ ಜಾರುಮಣ್ಣಿನ ರಾಶಿಯ ಮೇಲೆ, ಇಳಿಜಾರಿನಲ್ಲಿದೆ. ಅಲ್ಲಿನ ಚಲನೆಯನ್ನು ದೆಹಲಿಯ ಇಳಿತದಂತೆ ಓದಿದರೆ ಅರ್ಥ ಕೆಡುತ್ತದೆ. ಆದುದರಿಂದ ರೇಡಾರ್ ನಕ್ಷೆಯ ಪಕ್ಕದಲ್ಲಿ ಬಾವಿಗಳ ನೀರಿನ ಮಟ್ಟದ ದಾಖಲೆಯನ್ನೂ ನೆಲದಡಿಯ ಪದರಗಳ ವಿವರವನ್ನೂ ಇಟ್ಟು ನೋಡುವುದು ಅನಿವಾರ್ಯ.

ಇಳಿಯದ ಬಂಡೆಯ ಮೌನ

ಇಳಿತವಿದ್ದ ಕಡೆ ನೀರೇ ಕಾರಣವೆನ್ನಲಾಗದಿದ್ದರೆ, ಇಳಿತವಿಲ್ಲದ ಕಡೆ ನೀರು ಕ್ಷೇಮವಾಗಿದೆಯೆನ್ನಬಹುದೇ? ದಖ್ಖನಿನ ಪ್ರಸ್ಥಭೂಮಿಯಲ್ಲಿ ಬಾಳುವವರಿಗೆ ಬಹಳ ಮುಖ್ಯವಾದ ಪ್ರಶ್ನೆಯಿದು.

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿರುವ ಬಂಡೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಇದೇ ಜಾತಿಯ ನೈಸ್ ಮತ್ತು ಗ್ರಾನೈಟ್ ಶಿಲೆಗಳು ಗಡಿಯ ಗೆರೆಗಳನ್ನು ಲೆಕ್ಕಿಸದೆ ಹೊಸೂರಿನಲ್ಲಿ, ಮಡಕಶಿರಾದಲ್ಲಿ, ರಾಯದುರ್ಗದಲ್ಲಿ, ಆದೋನಿಯಲ್ಲಿ ಹರಡಿವೆ. ಉತ್ತರದಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಅಡಿಯಲ್ಲಿರುವುದು ಲಾವಾ ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್. ಈ ಬಂಡೆಗಳಲ್ಲಿ ಮಣ್ಣಿನಲ್ಲಿರುವಂತಹ ರಂಧ್ರಗಳಿಲ್ಲ. ನೀರಿರುವುದು ಮೇಲಿನ ಶಿಥಿಲವಾದ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ‘ಅಂತರ್ಜಲ’ ಎಂಬ ಪದ ನೆಲದಡಿಯಲ್ಲೊಂದು ಕೆರೆಯಿದ್ದಂತೆ ಭಾಸವಾಗಿಸುತ್ತದೆ. ಬಾವಿ ತೋಡುವವರ ಬಾಯಲ್ಲಿದ್ದ ‘ಸೆಲೆ’ ಎಂಬ ಮಾತು ಇಲ್ಲಿನ ನಿಜಕ್ಕೆ ಹೆಚ್ಚು ಹತ್ತಿರ. ಈ ನೆಲದಲ್ಲಿ ನೀರು ಕೆರೆಯಾಗಿ ಮಲಗಿಲ್ಲ. ಬಿರುಕಿನಿಂದ ಬಿರುಕಿಗೆ ಸೆಲೆಯಾಗಿ ಹರಿದಿದೆ.

ಸೆಲೆ ಬತ್ತಿದರೂ ಬಂಡೆ ತನ್ನ ಭಾರವನ್ನು ತಾನೇ ಹೊರಬಲ್ಲದು. ಹೊರೆ ಹಂಚಿಕೊಳ್ಳುವ ಹೆಗಲಾಗಿ ಅದಕ್ಕೆ ನೀರು ಬೇಕಿಲ್ಲ. ಬಿರುಕುಗಳು ತುಸು ಮುಚ್ಚಿಕೊಳ್ಳುವುದರಿಂದ ಅಲ್ಪ ಇಳಿತವಾಗುವುದುಂಟು. ಸ್ವಿಟ್ಜರ್ಲೆಂಡಿನ ಗೋಟ್‌ಹಾರ್ಡ್ ರಸ್ತೆ ಸುರಂಗದ ಮೇಲೆ, ಬಿರುಕುಗಳ ನೀರು ಸುರಂಗಕ್ಕೆ ಬಸಿದುಹೋದಾಗ, ಗಟ್ಟಿ ಶಿಲೆಯ ಬೆಟ್ಟವೇ ಸುಮಾರು 12 ಸೆಂ.ಮೀ. ಇಳಿದದ್ದು ದಾಖಲಾಗಿದೆ. ಆದರೆ ಅದು ಮೆಕ್ಸಿಕೊ ನಗರದ ಕೆಲವು ಭಾಗಗಳು ಮೂರು ತಿಂಗಳಲ್ಲಿ ಇಳಿಯುವಷ್ಟು ಮಾತ್ರ. ಭಾರತದ ಐದು ಮಹಾನಗರಗಳನ್ನು ರೇಡಾರಿನಿಂದ ಹೋಲಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಕಡಿಮೆ ವೇಗದ ಇಳಿತ ಕಂಡದ್ದು ಬೆಂಗಳೂರಿನಲ್ಲಿ: ಹೆಚ್ಚೆಂದರೆ ವರ್ಷಕ್ಕೆ ಏಳು ಮಿಲಿಮೀಟರಿನ ಆಸುಪಾಸು.

ಈ ಅಂಕಿಯನ್ನು ಕಂಡು ನೆಮ್ಮದಿಪಡುವುದು ತಪ್ಪಾಗುತ್ತದೆ. 2024ರ ಬೇಸಿಗೆಯಲ್ಲಿ ಅದೇ ಬೆಂಗಳೂರಿನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರುಗಳ ಮುಂದೆ ಜನ ಬಿಂದಿಗೆ ಹಿಡಿದು ನಿಂತಿದ್ದರು. ಅಂದರೆ ದೆಹಲಿಯಲ್ಲಿ ನೀರಿನ ಕೊರತೆಯನ್ನು ನೆಲ ತಾನೇ ಹೇಳುತ್ತದೆ, ಇಲ್ಲಿ ಹೇಳುವುದಿಲ್ಲ. ಜೇಡಿ ಮತ್ತು ಮೆಕ್ಕಲುಮಣ್ಣಿನಲ್ಲಿ ನೆಲದ ಇಳಿತ ನೀರಿನ ಇಳಿತದ ನೆರಳು. ಬಂಡೆಯ ನಾಡಿನಲ್ಲಿ ನೀರು ಪಾತಾಳಕ್ಕಿಳಿದರೂ ನೆರಳು ಬೀಳದು. ಬೇರೊಂದು ಬಗೆಯ ಉಪಗ್ರಹಗಳು ಭೂಮಿಯ ಗುರುತ್ವದಲ್ಲಾಗುವ ಬದಲಾವಣೆಯಿಂದ ನೀರಿನ ತೂಕವನ್ನು ಅಳೆಯುತ್ತವೆ. 2002ರಲ್ಲಿ ಹಾರಿದ ಗ್ರೇಸ್ ಉಪಗ್ರಹ ಜೋಡಿಯು ಪಂಜಾಬ್, ಹರಿಯಾಣ, ರಾಜಸ್ಥಾನಗಳ ಅಂತರ್ಜಲ ನಷ್ಟವನ್ನು ಹಾಗೆಯೇ ಬಯಲಿಗೆ ತಂದಿತ್ತು. ಆದರೆ ಅದರ ನೋಟಕ್ಕೆ ದಕ್ಕುವುದು ನೂರಾರು ಕಿಲೋಮೀಟರಿನ ವಿಸ್ತಾರಗಳು. ಒಂದು ನಗರವನ್ನೋ ತಾಲ್ಲೂಕನ್ನೋ ಅದು ಬಿಡಿಸಿ ಕಾಣಲಾರದು.

ನಿಸಾರ್ ಮತ್ತು ಸೇದುವ ಹಗ್ಗ

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ನಿಸಾರ್ ಉಪಗ್ರಹ ಕಕ್ಷೆಗೇರಿತು. ಅಮೆರಿಕದ ನಾಸಾ ಮತ್ತು ಭಾರತದ ಇಸ್ರೋ ಕೂಡಿ ನಿರ್ಮಿಸಿದ ಇದರಲ್ಲಿ ಎರಡು ರೇಡಾರುಗಳಿವೆ. ನಾಸಾದ ರೇಡಾರಿನ ತರಂಗಾಂತರ ಸುಮಾರು 24 ಸೆಂ.ಮೀ.; ಇಸ್ರೋದ್ದು ಅದರ ಅರ್ಧಕ್ಕಿಂತ ಕಡಿಮೆ. ಉದ್ದದ ಅಲೆಯು ಎಲೆಗಳ ನಡುವೆ ನುಸುಳಿ ನೆಲ ಮುಟ್ಟಬಲ್ಲದು. ಹೀಗಾಗಿ ಈವರೆಗೆ ಮಸುಕಾಗಿದ್ದ ಹೊಲಗದ್ದೆಗಳ ಇಳಿತವೂ ತಕ್ಕಮಟ್ಟಿಗೆ ಕಾಣಬರುತ್ತದೆ. ಈ ಅಲೆಯಲ್ಲಿ ಪ್ರಾವಸ್ಥೆಯ ಒಂದು ಸುತ್ತಿಗೆ ಸುಮಾರು 12 ಸೆಂ.ಮೀ. ಚಲನೆ ಬೇಕಾಗುವುದರಿಂದ ಬಹುವೇಗದ ಇಳಿತವನ್ನು ಅಳೆಯುವಾಗ ಸುತ್ತುಗಳ ಎಣಿಕೆ ತಪ್ಪುವ ಭಯವೂ ಕಡಿಮೆ. 12 ದಿನಗಳಿಗೊಮ್ಮೆ ಒಂದೇ ಹಾದಿಗೆ ಮರಳುವ ಈ ಉಪಗ್ರಹದ ದತ್ತಾಂಶವು ಸೆಂಟಿನೆಲ್‌ನ ದತ್ತಾಂಶದಂತೆ ಎಲ್ಲರಿಗೂ ಉಚಿತ.

ನಿಸಾರ್‌ನ ಭಾಗಗಳನ್ನು ಜೋಡಿಸಿ ಪರೀಕ್ಷಿಸಿದ್ದು ಬೆಂಗಳೂರಿನಲ್ಲಿ. ಜಗತ್ತಿನ ಜೇಡಿನೆಲದ ನಗರಗಳ ನೀರಿನ ಕಷ್ಟವನ್ನು ಓದಬಲ್ಲ ಉಪಗ್ರಹವು, ತಾನು ಸಿದ್ಧಗೊಂಡ ಊರಿನ ಬಂಡೆಯಡಿಯ ನೀರಿನ ಬಗೆಗೆ ಹೇಳಬಲ್ಲದ್ದು ಸ್ವಲ್ಪವೇ. ಇದು ಉಪಕರಣದ ಕೊರತೆಯಲ್ಲ, ನೆಲದ ಗುಣ. ಪ್ರತಿಯೊಂದು ನೆಲವನ್ನೂ ಅದರ ಗುಣಕ್ಕೆ ತಕ್ಕ ರೀತಿಯಲ್ಲಿಯೇ ಕೇಳಬೇಕಾಗುತ್ತದೆ.

ಬಂಡೆಯ ನಾಡನ್ನು ಕೇಳುವ ರೀತಿ ಹಳೆಯದು. ಕೇಂದ್ರ ಅಂತರ್ಜಲ ಮಂಡಳಿಯೂ ರಾಜ್ಯಗಳ ಅಂತರ್ಜಲ ಇಲಾಖೆಗಳೂ ಗೊತ್ತುಮಾಡಿದ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ಹಲವು ಬಾರಿ ನೀರಿನ ಮಟ್ಟವನ್ನು ಅಳೆದು ಬರೆದಿಡುತ್ತವೆ. ಸೇದುವ ಬಾವಿಗಳಿದ್ದ ಕಾಲದಲ್ಲಿ ಮನೆಯವರಿಗೆ ಈ ಅಳತೆ ಹಗ್ಗದಿಂದಲೇ ತಿಳಿಯುತ್ತಿತ್ತು. ಕಳೆದ ವರ್ಷ ಸಾಕಾಗುತ್ತಿದ್ದ ಹಗ್ಗಕ್ಕೆ ಈ ವರ್ಷ ಇನ್ನೊಂದು ಮೊಳ ಕಟ್ಟಬೇಕಾದಾಗ ನೀರು ಎಷ್ಟು ಇಳಿದಿದೆಯೆಂದು ಯಾರೂ ಹೇಳಬೇಕಿರಲಿಲ್ಲ. ಕೊಳವೆಬಾವಿಯ ಮುಚ್ಚಿದ ಬಾಯಿ ಆ ತಿಳಿವನ್ನು ಕಸಿದುಕೊಂಡಿತು. ನೀರು ನಿಂತ ದಿನವೇ ನೀರು ನಿಂತದ್ದು ತಿಳಿಯುವ ಸ್ಥಿತಿ ಬಂದಿತು. ಹಗ್ಗಕ್ಕೆ ಕಟ್ಟಿದ ಆ ಒಂದು ಮೊಳದ ಲೆಕ್ಕವನ್ನು ಮೆಕ್ಸಿಕೊದಲ್ಲಿ 14 ಮೆಟ್ಟಿಲುಗಳು ಇಟ್ಟುಕೊಂಡಿವೆ. ದೆಹಲಿಯಲ್ಲಿ ಉಪಗ್ರಹ ಇಟ್ಟುಕೊಂಡಿದೆ. ಗಟ್ಟಿ ಶಿಲೆಯ ಊರುಗಳಲ್ಲಿ ಅದನ್ನು ಬಾವಿಯ ಬಾಯಲ್ಲಿ ನಿಂತು ಮನುಷ್ಯರೇ ಇಡಬೇಕು.